ನಿಮ್ಮೂರಿನ ಆಸ್ಪತ್ರೆಯ ಪ್ರಶ್ನೆ ವಿಧಾನಸಭೆ ತಲುಪುವುದು ಹೇಗೆ?

ತಾಲ್ಲೂಕು ಮಟ್ಟದ ಯಾವುದಾದರೂ ಕಚೇರಿಗೆ ಹೋಗಿ ಒಂದು ಅರ್ಜಿ ಕೊಟ್ಟು ನೋಡಿ. ಸೀಲು ಬೀಳುತ್ತದೆ, ಟಪಾಲಿಗೆ ಸೇರುತ್ತದೆ, ಅಲ್ಲೇ ಕೂರುತ್ತದೆ. ಅದೇ ಕಚೇರಿಗೆ ‘ಎಲ್‌ಎಕ್ಯೂ’ ಬಂತು ಅನ್ನಿ. ಊಟಕ್ಕೆ ಎದ್ದವರು ಮತ್ತೆ ಕೂರುತ್ತಾರೆ. ಕಡತ ಹುಡುಕುತ್ತಾರೆ, ಫೋನ್ ಮಾಡುತ್ತಾರೆ, ಸಂಜೆಯೊಳಗೆ ಮಾಹಿತಿ ಮೇಲಿನ ಕಚೇರಿಗೆ ಹೋಗುತ್ತದೆ.

ಎಲ್‌ಎಕ್ಯೂ ಅಂದರೆ ವಿಧಾನಸಭೆಯ ಸದಸ್ಯರು ಕೇಳಿದ ಪ್ರಶ್ನೆ. ವಿಧಾನ ಪರಿಷತ್ತಿನದಾದರೆ ಎಲ್‌ಸಿಕ್ಯೂ. ಅರ್ಜಿಗೂ ಇದಕ್ಕೂ ಇಷ್ಟೊಂದು ವ್ಯತ್ಯಾಸ ಯಾಕೆ? ಸಂವಿಧಾನದ 164ನೇ ವಿಧಿಯ ಪ್ರಕಾರ ಸಚಿವ ಸಂಪುಟ ವಿಧಾನಸಭೆಗೆ ಉತ್ತರದಾಯಿ. ಸದನದಲ್ಲಿ ಕೊಡುವ ಉತ್ತರ ದಾಖಲೆಯಾಗಿ ಉಳಿಯುತ್ತದೆ. ಬೇಕೆಂದೇ ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದರೆಂಬ ಮಾತು ಬರುತ್ತದೆ. ಹಾಗಾಗಿ ಸಚಿವರಿಂದ ಹಿಡಿದು ಕೆಳಗಿನ ಗುಮಾಸ್ತರವರೆಗೆ ಎಲ್ಲರೂ ಈ ಹಾಳೆಯನ್ನು ಎಚ್ಚರದಿಂದ ಮುಟ್ಟುತ್ತಾರೆ.

ಪ್ರಶ್ನೆ ಕೇಳುವ ಹಕ್ಕು ಸದಸ್ಯರದು, ನಿಜ. ಆದರೆ ಆ ಪ್ರಶ್ನೆ ಎಲ್ಲಿಂದ ಬರುತ್ತದೆ? ಒಳ್ಳೆಯ ಪ್ರಶ್ನೆಗಳು ಬಹಳಷ್ಟು ಸಲ ಊರಿನಿಂದಲೇ ಹೊರಡುತ್ತವೆ. ನೀವು ಸರಿಯಾಗಿ ಬರೆದು ಕೊಟ್ಟರೆ ಶಾಸಕರ ಕೆಲಸವೂ ಹಗುರ.

ಮೊದಲು, ಇದು ಯಾರ ಕೆಲಸ ಅಂತ ನೋಡಿ

ರೈಲು, ಅಂಚೆ ಇವೆಲ್ಲ ಕೇಂದ್ರದವು. ಅದನ್ನು ಸಂಸದರ ಹತ್ತಿರ ಒಯ್ಯಬೇಕು. ಕೋರ್ಟಿನಲ್ಲಿರುವ ವಿಷಯವನ್ನು ಸದನದಲ್ಲಿ ಎತ್ತಲು ಬಿಡುವುದಿಲ್ಲ. ಬೀದಿ ದೀಪ, ಚರಂಡಿಗೆ ಗ್ರಾಮಸಭೆಯೇ ಸರಿಯಾದ ಜಾಗ. ಆಸ್ಪತ್ರೆ, ಸರ್ಕಾರಿ ಶಾಲೆ, ಸಾರಿಗೆ ಬಸ್ಸು, ಪಡಿತರ, ನೀರಾವರಿ ರಾಜ್ಯದವು. ಇವುಗಳ ಬಗ್ಗೆ ಧಾರಾಳವಾಗಿ ಕೇಳಬಹುದು.

ಆಮೇಲೆ ಊರಿನಲ್ಲೇ ಲೆಕ್ಕ ಹಾಕಿ

ಆಸ್ಪತ್ರೆಯ ವಿಚಾರವನ್ನೇ ತೆಗೆದುಕೊಳ್ಳೋಣ. ವೈದ್ಯರು ವಾರಕ್ಕೆ ಎಷ್ಟು ದಿನ ಬರುತ್ತಾರೆ? ಎಷ್ಟು ತಿಂಗಳಿಂದ ಹೀಗಿದೆ? ಹೆರಿಗೆಗೆ ಬಂದವರನ್ನು ಎಲ್ಲಿಗೆ ಕಳಿಸುತ್ತಿದ್ದಾರೆ? ಆಶಾ ಕಾರ್ಯಕರ್ತೆಯರನ್ನು ಕೇಳಿ, ಅವರಷ್ಟು ಚೆನ್ನಾಗಿ ಬಲ್ಲವರು ಬೇರೆ ಇಲ್ಲ. ಕಾಗದ ಬೇಕಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕೊಟ್ಟು ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ.

ಈಗ ಪ್ರಶ್ನೆ ಬರೆಯಿರಿ

ಎಲ್ಲಕ್ಕಿಂತ ಜಾಸ್ತಿ ಗಮನ ಇಲ್ಲಿ ಬೇಕು. ನಾನು ಇದನ್ನು ಕಲಿತದ್ದು ಒಂದು ಸೋಲಿನಿಂದ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿರಲಿಲ್ಲ. ಕೆಲವರು ಸೇರಿ ಎರಡು ಪುಟ ಬರೆದುಕೊಂಡು ಶಾಸಕರ ಕಚೇರಿಗೆ ಹೋದೆವು. ಅವರ ಪಿಎ ಓದಿ, ‘ಇದರಲ್ಲಿ ನೋವು ಇದೆ ಸರ್, ಪ್ರಶ್ನೆ ಎಲ್ಲಿದೆ?’ ಅಂದರು. ಅಲ್ಲೇ ಕೂತು ಎರಡು ಸಾಲಿಗೆ ಇಳಿಸಿದೆವು:

(ಅ) ಸದರಿ ಆರೋಗ್ಯ ಕೇಂದ್ರದಲ್ಲಿ ವೈದ್ಯರ ಹುದ್ದೆ ಖಾಲಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?
(ಆ) ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು?

ಉತ್ತರ ಬಂತು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. (ಅ)ಗೆ ಎದುರಾಗಿ, ‘ಇಲ್ಲ. ಹುದ್ದೆ ಭರ್ತಿಯಾಗಿರುತ್ತದೆ.’ (ಆ)ಗೆ ಎದುರಾಗಿ ಒಂದೇ ಪದ, ‘ಉದ್ಭವಿಸುವುದಿಲ್ಲ.’

ಎಂಟು ತಿಂಗಳಿಂದ ವೈದ್ಯರ ಮುಖ ನೋಡದ ಊರಿಗೆ ಈ ಉತ್ತರ! ಹೊಟ್ಟೆ ಉರಿಯಿತು. ಆದರೆ ಅದು ಸುಳ್ಳಾಗಿರಲಿಲ್ಲ. ಹುದ್ದೆಯಲ್ಲಿ ಒಬ್ಬ ವೈದ್ಯರಿದ್ದರು. ಅವರ ಸಂಬಳವೂ ಅಲ್ಲಿಂದಲೇ ಆಗುತ್ತಿತ್ತು. ಅವರನ್ನು ನಿಯೋಜನೆ ಮೇಲೆ ಬೇರೆ ಆಸ್ಪತ್ರೆಗೆ ಕಳಿಸಿದ್ದರು, ಅಷ್ಟೆ. ಕಾಗದದಲ್ಲಿ ಭರ್ತಿ, ಕುರ್ಚಿ ಖಾಲಿ. ನಾವು ಹುದ್ದೆ ಕೇಳಿದ್ದೆವು, ಹುದ್ದೆಯ ಉತ್ತರ ಸಿಕ್ಕಿತು.

ಮುಂದಿನ ಅಧಿವೇಶನಕ್ಕೆ ಬೇರೆ ಥರ ಬರೆದೆವು:

(ಅ) ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮಂಜೂರಾದ ವೈದ್ಯರ ಹುದ್ದೆಗಳೆಷ್ಟು, ಭರ್ತಿಯಾದವು ಎಷ್ಟು? (ಕೇಂದ್ರವಾರು ವಿವರ ನೀಡುವುದು)
(ಆ) ಇವರ ಪೈಕಿ ನಿಯೋಜನೆ ಮೇಲೆ ಬೇರೆಡೆ ಕೆಲಸ ಮಾಡುತ್ತಿರುವವರು ಎಷ್ಟು, ಯಾವ ದಿನಾಂಕದಿಂದ, ಯಾರ ಆದೇಶದಂತೆ?
(ಇ) ಈ ನಿಯೋಜನೆಗಳನ್ನು ಯಾವ ಕಾಲಮಿತಿಯಲ್ಲಿ ರದ್ದುಪಡಿಸಲಾಗುವುದು?

ಈ ಸಲ ಉತ್ತರದ ಜೊತೆ ಒಂದು ಅನುಬಂಧ ಬಂತು. ನಮ್ಮ ಕೇಂದ್ರದ ಸಾಲಿನ ಕೊನೆಯ ಕಾಲಂನಲ್ಲಿ ನಿಯೋಜನೆಯ ದಿನಾಂಕ ಇತ್ತು. ಊರಿಗೆ ಗೊತ್ತಿದ್ದದ್ದನ್ನು ಸರ್ಕಾರ ತನ್ನ ಕೈಯಿಂದಲೇ ಬರೆದು ಕೊಟ್ಟಂತಾಯಿತು.

‘ಗಮನಕ್ಕೆ ಬಂದಿದೆಯೇ’ ಅಂತ ಶುರು ಮಾಡುವುದು ನಮ್ಮ ಸದನದ ಹಳೆಯ ರೂಢಿ. ಅದರಲ್ಲಿ ತಪ್ಪಿಲ್ಲ. ಅದೊಂದನ್ನೇ ಕೇಳಿ ನಿಲ್ಲಿಸಿದರೆ ಮಾತ್ರ ‘ಬಂದಿದೆ’ ಅಥವಾ ‘ಇಲ್ಲ’ ಅನ್ನುವಲ್ಲಿಗೆ ಮುಗಿಯುತ್ತದೆ. ಎಷ್ಟು, ಎಲ್ಲಿ, ಯಾವಾಗಿನಿಂದ, ಯಾವಾಗ ಮುಗಿಯುತ್ತದೆ, ಇವನ್ನೇ ಹಿಡಿಯಿರಿ. ಶಾಲೆಯ ಬಗ್ಗೆಯಾದರೆ ಶಿಕ್ಷಕರೆಷ್ಟು ಅಂತ ಮಾತ್ರ ಕೇಳಬೇಡಿ, ಅವರಲ್ಲಿ ಅತಿಥಿ ಶಿಕ್ಷಕರೆಷ್ಟು ಅಂತಲೂ ಕೇಳಿ. ಶುದ್ಧ ಕುಡಿಯುವ ನೀರಿನ ಘಟಕಗಳಾದರೆ ಹಾಕಿದ್ದೆಷ್ಟು, ಇವತ್ತು ನೀರು ಬರುತ್ತಿರುವುದು ಎಷ್ಟರಲ್ಲಿ? ಬಸ್ಸಾದರೆ ವೇಳಾಪಟ್ಟಿಯಲ್ಲಿರುವ ಟ್ರಿಪ್ಪುಗಳೆಷ್ಟು, ಓಡಿದ್ದು ಎಷ್ಟು? ಕಾಗದಕ್ಕೂ ನೆಲಕ್ಕೂ ನಡುವೆ ಬಿರುಕು ಎಲ್ಲಿದೆಯೋ ಪ್ರಶ್ನೆಯ ಮೊನೆ ಅಲ್ಲೇ ಚುಚ್ಚಬೇಕು.

ಪ್ರಶ್ನೆಯಲ್ಲಿ ಆರೋಪ, ಬೈಗುಳ, ವ್ಯಂಗ್ಯ ಬೇಡ. ಅಂಥವನ್ನು ಸ್ಪೀಕರ್ ಒಪ್ಪುವುದಿಲ್ಲ. ಐದು ಇಲಾಖೆಗಳ ದೂರನ್ನು ಒಂದೇ ಪ್ರಶ್ನೆಗೆ ತುರುಕಲೂ ಬೇಡಿ.

ಯಾರಿಗೆ ಕೊಡಬೇಕು, ಯಾವಾಗ?

ನಿಮ್ಮ ಕ್ಷೇತ್ರದ ಶಾಸಕರಿಗೆ. ಅವರೇ ಸಚಿವರಾಗಿದ್ದರೆ ಅವರು ಉತ್ತರ ಕೊಡುವ ಕಡೆ ಇರುತ್ತಾರೆ, ಅಲ್ವಾ? ಆಗ ವಿಧಾನ ಪರಿಷತ್ತಿನ ಬಾಗಿಲು ಇದೆ. ಅಲ್ಲಿನ 75 ಸದಸ್ಯರಲ್ಲಿ 25 ಮಂದಿ ಸ್ಥಳೀಯ ಸಂಸ್ಥೆಗಳಿಂದ, 7 ಮಂದಿ ಪದವೀಧರರಿಂದ, 7 ಮಂದಿ ಶಿಕ್ಷಕರಿಂದ ಆರಿಸಿ ಬಂದವರು. ನಿಮ್ಮ ಜಿಲ್ಲೆಗೆ ಸಂಬಂಧಪಟ್ಟವರು ಇವರಲ್ಲಿ ಇದ್ದೇ ಇರುತ್ತಾರೆ. ಬಹಳ ಜನಕ್ಕೆ ಈ ದಾರಿ ನೆನಪಿಗೇ ಬರುವುದಿಲ್ಲ.

ಎರಡು ಅಧಿವೇಶನಗಳ ನಡುವೆ 6 ತಿಂಗಳಿಗಿಂತ ಹೆಚ್ಚು ಅಂತರ ಇರುವಂತಿಲ್ಲ. ಸಾಮಾನ್ಯವಾಗಿ ವರ್ಷದ ಆರಂಭದಲ್ಲಿ ರಾಜ್ಯಪಾಲರ ಭಾಷಣ, ಬಜೆಟ್, ಮಳೆಗಾಲದಲ್ಲಿ ಒಂದು, ಡಿಸೆಂಬರ್ ಹೊತ್ತಿಗೆ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಇನ್ನೊಂದು ಅಧಿವೇಶನ ನಡೆಯುತ್ತದೆ. ಪ್ರಶ್ನೆಗೆ ಮುಂಚೆಯೇ ನೋಟಿಸ್ ಕೊಡಬೇಕು. ಅಧಿವೇಶನ ಶುರುವಾದ ಮೇಲೆ ಓಡಿ ಹೋದರೆ ಉಪಯೋಗವಿಲ್ಲ. ಒಂದು ತಿಂಗಳು ಮೊದಲೇ ಪಿಎ ಕೈಗೆ ಕೊಟ್ಟು, ವಾರ ಬಿಟ್ಟು ಒಮ್ಮೆ ನೆನಪಿಸಿ.

ಚುಕ್ಕೆ ಇರಬೇಕೋ ಬೇಡವೋ?

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಪ್ರಶ್ನೋತ್ತರ ವೇಳೆಯಲ್ಲಿ ಎದ್ದು ನಿಂತು ಉತ್ತರಿಸುತ್ತಾರೆ. ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರವಣಿಗೆಯಲ್ಲಿ ಉತ್ತರ. ಎಲ್ಲರಿಗೂ ಚುಕ್ಕೆಯ ಆಸೆ. ಆದರೆ ಅಂಕಿ ಅಂಶ ಬೇಕಿದ್ದರೆ ಚುಕ್ಕೆ ಇಲ್ಲದ್ದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಮೊದಲು ಅದರಲ್ಲಿ ಪಟ್ಟಿ ತರಿಸಿಕೊಳ್ಳಿ. ಆ ಪಟ್ಟಿ ಇಟ್ಟುಕೊಂಡು ಮುಂದಿನ ಸಲ ಚುಕ್ಕೆಯ ಪ್ರಶ್ನೆ ಹಾಕಿಸಿ. ಅಷ್ಟು ಕಾಯಲಾಗದ ತುರ್ತಿದ್ದರೆ ಶೂನ್ಯ ವೇಳೆ ಇದೆ, ಗಮನ ಸೆಳೆಯುವ ಸೂಚನೆ ಇದೆ.

ಸದನದಲ್ಲಿ

ಸ್ಪೀಕರ್ ಹೆಸರು ಕರೆಯುತ್ತಾರೆ. ಸದಸ್ಯರು ಎದ್ದು ಪ್ರಶ್ನೆಯ ಸಂಖ್ಯೆ ಹೇಳುತ್ತಾರೆ. ಸಚಿವರು ‘ಉತ್ತರ ಒದಗಿಸಿದೆ’ ಅನ್ನುತ್ತಾರೆ. ಲಿಖಿತ ಉತ್ತರ ಆಗಲೇ ಕೈಯಲ್ಲಿರುತ್ತದೆ. ನಿಜವಾದ ಕೆಲಸ ಇರುವುದು ಇದರ ನಂತರದ ಉಪಪ್ರಶ್ನೆಯಲ್ಲಿ. ಸಿಗುವುದು ಒಂದೆರಡು ನಿಮಿಷ. ಆ ಹೊತ್ತಿನಲ್ಲಿ ಊರಿನ ಇತಿಹಾಸ ಹೇಳಲು ಹೊರಟರೆ ಅವಕಾಶ ಬೇರೆಯವರ ಪಾಲಾಗುತ್ತದೆ.

ಅದಕ್ಕೇ ಪ್ರಶ್ನೆಯ ಜೊತೆ ಒಂದು ಚೀಟಿಯನ್ನೂ ಕೊಟ್ಟಿರಿ. ಒಂದೇ ಸಾಲು ಸಾಕು: ‘ಅನುಬಂಧದ ಪ್ರಕಾರ ಈ ವೈದ್ಯರು ಎಂಟು ತಿಂಗಳಿಂದ ನಿಯೋಜನೆಯಲ್ಲಿದ್ದಾರೆ. ಅವರನ್ನು ಯಾವ ತಾರೀಖಿಗೆ ವಾಪಸ್ ಕಳಿಸುತ್ತೀರಿ?’ ತಾರೀಖು ಕೇಳಿದರೆ ಸಚಿವರು ತಾರೀಖು ಹೇಳಬೇಕು, ಇಲ್ಲವೇ ಯಾಕೆ ಹೇಳಲಾಗದು ಅಂತ ಹೇಳಬೇಕು. ಎರಡೂ ದಾಖಲೆಗೆ ಹೋಗುತ್ತವೆ.

ಉತ್ತರ ಬಂದ ಮೇಲೆ

ಉತ್ತರಗಳು ವಿಧಾನಸಭೆಯ ಜಾಲತಾಣದಲ್ಲೂ ಸಿಗುತ್ತವೆ. ಮೊದಲ ಪುಟ ಓದಿ ಬಿಡಬೇಡಿ, ಅನುಬಂಧ ತೆರೆಯಿರಿ. ಸದನದಲ್ಲಿ ಸಚಿವರು ‘ಮಾಡುತ್ತೇವೆ’ ಅಂದದ್ದನ್ನು ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಮಾತು ನಡೆಯದಿದ್ದರೆ ಶಾಸಕರ ಮೂಲಕ ಅಲ್ಲಿಗೆ ಬರೆಯಿಸಬಹುದು.

ನಾವು ಆ ಅನುಬಂಧವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ನಮ್ಮ ಕೇಂದ್ರದ ಸಾಲಿಗೆ ಕೆಂಪು ಗೆರೆ ಎಳೆದು, ಗ್ರಾಮಸಭೆಯಲ್ಲಿ ಓದಿದೆವು. ಅಲ್ಲೇ ನಿರ್ಣಯ ಬರೆಸಿ, ಅದರ ಪ್ರತಿಯನ್ನು ಮುಂದಿನ ಅಧಿವೇಶನದ ಪ್ರಶ್ನೆಗೆ ಲಗತ್ತಿಸಿ ಕಳಿಸಿದೆವು.