ನಾಯಿಯ ಮೂಗಿಗೆ ಸಿಕ್ಕಿದ್ದು ಯಾವ ವಾಸನೆ?

ಮಾದಕ ವಸ್ತು, ಸ್ಫೋಟಕದಂಥವನ್ನು ಮೂಸಿ ಹುಡುಕುವ ಪತ್ತೆ ನಾಯಿಗಳ ಮೇಲೆ ಸಂಶೋಧನೆ ಮಾಡುತ್ತೇನೆ ಅಂದರೆ ಜನ ಮೊದಲು ಕೇಳುವುದು, ನಾಯಿಯ ಮೂಗು ಎಷ್ಟು ಚುರುಕು ಅಂತ. ತುಂಬಾ ಚುರುಕು. ವಾಸನೆ ಹಿಡಿಯುವ ಜೀನ್‌ಗಳ ಪೈಕಿ ಕೆಲಸ ಮಾಡುವಂಥವು ನಮ್ಮಲ್ಲಿ ಸುಮಾರು 400, ನಾಯಿಯಲ್ಲಿ ಸುಮಾರು 800. ಆದರೆ ನಾನು ಇಷ್ಟು ವರ್ಷ ಬೆನ್ನು ಹತ್ತಿರುವ ಪ್ರಶ್ನೆ ಬೇರೆ. ಸಾಲಾಗಿಟ್ಟ ಡಬ್ಬಿಗಳನ್ನು ಮೂಸುತ್ತಾ ಹೋಗಿ ನಾಯಿ ಒಂದು ಡಬ್ಬಿಯ ಮುಂದೆ ಕೂತು 'ಇಲ್ಲಿದೆ' ಅಂತ ತೋರಿಸುತ್ತದಲ್ಲ, ಅದಕ್ಕೆ ಸಿಕ್ಕಿದ್ದು ನಿಜಕ್ಕೂ ಯಾವ ವಾಸನೆ?

ನಾನು ಓದಿದ್ದು ರಸಾಯನಶಾಸ್ತ್ರ. ಮೈಸೂರಿನಲ್ಲಿ ಕಾಫಿಯ ಪರಿಮಳದ ಮೇಲೆ ಕೆಲಸ ಶುರು ಮಾಡಿದೆ. ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಅನ್ನುವ ಯಂತ್ರ ಪರಿಮಳದಲ್ಲಿರುವ ಸಂಯುಕ್ತಗಳನ್ನು ಒಂದೊಂದಾಗಿ ಬಿಡಿಸಿ ಕಳಿಸುತ್ತದೆ. ಅದರ ಕೊನೆಯಲ್ಲಿ ಒಂದು ಗಾಜಿನ ಬಾಯಿ ಇರುತ್ತದೆ. ಅಲ್ಲಿ ಮೂಗಿಟ್ಟು ಕೂರಬೇಕು. ಪರದೆಯ ಮೇಲೆ ದೊಡ್ಡ ಗೆರೆ ಏಳುತ್ತದೆ, ಮೂಗಿಗೆ ಏನೂ ಗೊತ್ತಾಗುವುದಿಲ್ಲ. ಗೆರೆಯೇ ಕಾಣದ ಇನ್ನೊಂದು ಕಡೆ ಹುರಿದ ಕಾಫಿ ಘಮ್ಮೆಂದು ಬರುತ್ತದೆ. ಅದು ಫರ್ಫ್ಯೂರಿಲ್ ಥಯಾಲ್, ತೀರಾ ಚೂರೇ ಚೂರು ಇರುವ ಗಂಧಕದ ಸಂಯುಕ್ತ. ಒಂದು ವಸ್ತುವಿನಲ್ಲಿ ಏನು ಜಾಸ್ತಿ ಇದೆಯೋ ಅದೇ ಅದರ ವಾಸನೆ ಆಗಬೇಕಿಲ್ಲ ಅನ್ನುವುದು ಆ ಕುರ್ಚಿಯಲ್ಲೇ ನನಗೆ ಮನದಟ್ಟಾಯಿತು.

ಪಿಎಚ್‌ಡಿಗೆ ಅಮೆರಿಕಕ್ಕೆ ಹೋದಾಗ ಅದೇ ವಿಷಯ ನಾಯಿಗಳಲ್ಲಿ ಎದುರಾಯಿತು. ಫ್ಲಾರಿಡಾದ ಕೆನೆತ್ ಫರ್ಟನ್ ಅವರ ತಂಡದ ಕೆಲಸ ಓದಿದ್ದೇ ನನ್ನನ್ನು ಈ ಕಡೆ ತಿರುಗಿಸಿತು. ಕೊಕೇನ್ ಹುಡುಕುವ ನಾಯಿಗಳು ಮುಖ್ಯವಾಗಿ ಹಿಡಿಯುವುದು ಕೊಕೇನ್ ಅನ್ನೇ ಅಲ್ಲ, ಅದು ತೇವಾಂಶಕ್ಕೆ ಒಡೆದಾಗ ಬರುವ ಮೀಥೈಲ್ ಬೆಂಜೊಯೇಟ್ ಅನ್ನು ಅಂತ ಅವರು ತೋರಿಸಿದ್ದರು. ಸಿ-4 ಸ್ಫೋಟಕದ ಕಥೆಯೂ ಹೀಗೆಯೇ. ಅದರ ಮುಖ್ಯ ವಸ್ತು ಆರ್‌ಡಿಎಕ್ಸ್ ಗಾಳಿಗೆ ಬಿಡುವ ಆವಿ ಇಲ್ಲವೆನ್ನುವಷ್ಟು ಕಡಿಮೆ. ಜೊತೆಗಿರುವ ಸೈಕ್ಲೊಹೆಕ್ಸನೋನ್‌ನಂಥವು ಮಾತ್ರ ಸಲೀಸಾಗಿ ಹೊರಗೆ ಬರುತ್ತವೆ.

ಇದೆಲ್ಲ ಗೊತ್ತಿದ್ದರೂ ನಾಯಿಯ ಕಲಿಕೆ ಗೊತ್ತಿಲ್ಲದಿದ್ದರೆ ಪ್ರಯೋಜನವಿಲ್ಲ. ಹಾಗಾಗಿ ಲ್ಯಾಬ್ ಮುಗಿಸಿ ಕೆನಲ್‌ಗೆ ಹೋಗುತ್ತಿದ್ದೆ. ಟ್ರೇನರ್‌ಗಳ ಪಕ್ಕ ನಿಂತು, ನಾಯಿ ಸರಿಯಾಗಿ ಹುಡುಕಿದಾಗ ಬಹುಮಾನವಾಗಿ ಚೆಂಡು ಎಸೆಯುವುದನ್ನು ಕಲಿತೆ. ಕೇಳಲು ಸುಮ್ನೆ ಚೆಂಡು ಅನ್ನಿಸುತ್ತದೆ, ಆದರೆ ನಾಯಿ ಕಲಿಯುವುದು ಚೆಂಡಿಗೆ ಮೊದಲು ಏನು ಬಂತೋ ಅದನ್ನು. ನೀವು ಗಾಂಜಾವನ್ನು ಯಾವಾಗಲೂ ಒಂದೇ ಬಗೆಯ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಅದು ಚೀಲವನ್ನೂ ಕಲಿಯುತ್ತದೆ. ಗುರಿ, ಅಂದರೆ ನಾಯಿ ಹುಡುಕಬೇಕಾದ ವಸ್ತು, ಇರುವ ಡಬ್ಬಿಯನ್ನು ಮಾತ್ರ ಕೈಯಲ್ಲಿ ಮುಟ್ಟಿದರೆ ನಿಮ್ಮ ಬೆವರನ್ನು ಕಲಿಯುತ್ತದೆ. ಅದರ ಲೆಕ್ಕದಲ್ಲಿ ಅದು ಸರಿಯಾಗಿಯೇ ಇದೆ.

ಅದಕ್ಕೇ ನನ್ನ ದಿನದ ಬಹುಪಾಲು ಡಬ್ಬಿಗಳ ಹಿಂದೆ ಹೋಗುತ್ತದೆ. ಸ್ಟೀಲ್ ಡಬ್ಬಿಗಳನ್ನು ತೊಳೆದು ಓವನ್‌ನಲ್ಲಿ ಕಾಯಿಸಿ ಹಳೆಯ ವಾಸನೆ ಓಡಿಸುತ್ತೇನೆ. ಖಾಲಿ ಡಬ್ಬಿಗೂ ಅದೇ ಗ್ಲೌಸ್, ಅದೇ ಹತ್ತಿ, ಅದೇ ಟೇಪ್. ಗುರಿಯ ಡಬ್ಬಿಗೆ ಮಾಡಿದ ಪ್ರತಿಯೊಂದನ್ನೂ ಉಳಿದವಕ್ಕೂ ಮಾಡಬೇಕು. ಗುರಿಯನ್ನೇ ಇಡದ ಡಬ್ಬಿಗಳ ಸಾಲುಗಳೂ ನಡುನಡುವೆ ಇರಬೇಕು, ಇಲ್ಲದಿದ್ದರೆ ಪ್ರತಿ ಸಾಲಿನಲ್ಲೂ ಎಲ್ಲೋ ಒಂದು ಕಡೆ ಕೂರಲೇಬೇಕು ಅಂತ ನಾಯಿ ಅಂದುಕೊಳ್ಳುತ್ತದೆ. ಇನ್ನು ಗುರಿ ಯಾವುದರಲ್ಲಿದೆ ಅನ್ನುವುದು ಕೋಣೆಯಲ್ಲಿರುವ ಯಾರಿಗೂ ಗೊತ್ತಿರಬಾರದು.

ಈ ಕೊನೆಯ ಮಾತಿಗೆ ಹ್ಯಾಂಡ್ಲರ್‌ಗಳು, ಅಂದರೆ ನಾಯಿಯನ್ನು ಹಿಡಿದು ಕೆಲಸ ಮಾಡಿಸುವವರು, ಬೇಜಾರು ಮಾಡಿಕೊಳ್ಳುವುದುಂಟು. ಆಗ ನಾನು ಲೀಸಾ ಲಿಟ್ ಮತ್ತು ಸಂಗಡಿಗರ 2011ರ ಪ್ರಯೋಗದ ಬಗ್ಗೆ ಹೇಳುತ್ತೇನೆ. 18 ಜೋಡಿ ಹ್ಯಾಂಡ್ಲರ್ ಮತ್ತು ನಾಯಿಗಳನ್ನು ಏನೂ ಬಚ್ಚಿಡದ ಕೋಣೆಗಳಿಗೆ ಬಿಟ್ಟರು. ಕೆಂಪು ಕಾಗದ ಅಂಟಿಸಿದ ಕಡೆ ವಸ್ತು ಇದೆ ಅಂತ ಹ್ಯಾಂಡ್ಲರ್‌ಗಳಿಗೆ ಹೇಳಿದ್ದರು. ನಾಯಿಗಳು ಸೂಚನೆ ಕೊಟ್ಟವೆಂದು ಅವರು ಹೇಳಿದ್ದು 225 ಸಲ. ಯಾರೂ ಬೇಕೂಂತ ಮೋಸ ಮಾಡಿದ್ದಲ್ಲ. ನಾವು ಎಲ್ಲಿ ನಿಧಾನ ಮಾಡುತ್ತೇವೆ, ಎಲ್ಲಿ ದೃಷ್ಟಿ ನೆಡುತ್ತೇವೆ ಅನ್ನುವುದನ್ನು ನಾಯಿ ಓದುತ್ತದೆ. ನಾವೂ ನಮಗೆ ಬೇಕಾದದ್ದನ್ನು ನಾಯಿಯಲ್ಲಿ ಕಾಣುತ್ತೇವೆ.

ಹಾಗಂತ ನಾಯಿಯನ್ನು ಅನುಮಾನಿಸುವುದೇ ವಿಜ್ಞಾನ ಅಲ್ಲ. ಬ್ರಿಟನ್ನಿನಲ್ಲಿ ಮೂತ್ರಕೋಶದ ಕ್ಯಾನ್ಸರ್ ಪತ್ತೆಗೆ ನಾಯಿಗಳನ್ನು ತರಬೇತುಗೊಳಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅಲ್ಲಿ ರೋಗವಿಲ್ಲ ಎಂದುಕೊಂಡಿದ್ದ ಒಬ್ಬರ ಮೂತ್ರದ ಮಾದರಿಯನ್ನು ತರಬೇತಿಯಲ್ಲಿ ಎಲ್ಲ ನಾಯಿಗಳೂ ಪಟ್ಟು ಹಿಡಿದು ತೋರಿಸಿದವು. ಮತ್ತೆ ಪರೀಕ್ಷೆ ಮಾಡಿದಾಗ ಮೂತ್ರಪಿಂಡದಲ್ಲಿ ಕ್ಯಾನ್ಸರ್ ಇತ್ತು. ನನ್ನ ವಿದ್ಯಾರ್ಥಿಗಳು 'ತಪ್ಪು ಸೂಚನೆ' ಅಂತ ಬರೆಯುವ ಮೊದಲು ಆ ಡಬ್ಬಿಯನ್ನು ಯಂತ್ರಕ್ಕೂ ಹಾಕಿ ನೋಡಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ನಿಜವಾದ ಸೂಚನೆ ನಾಯಿ ಕೂರುವುದಕ್ಕೆ ಮೊದಲೇ ಕಾಣುತ್ತದೆ. ಮೈ ಡಬ್ಬಿಯನ್ನು ದಾಟಿ ಹೋಗಿರುತ್ತದೆ, ಕತ್ತು ಗಕ್ಕನೆ ಹಿಂದಕ್ಕೆ ತಿರುಗುತ್ತದೆ. ತೆರೆದಿದ್ದ ಬಾಯಿ ಮುಚ್ಚುತ್ತದೆ. ಬಿಡುವ ಉಸಿರು ಮೂಗಿನ ಪಕ್ಕದ ಸೀಳುಗಳಿಂದ ಹೊರಗೆ ಹೋಗುತ್ತದೆ, ಮುಂದಿನಿಂದ ಹೊಸ ಗಾಳಿ ಬರುತ್ತಿರುತ್ತದೆ. ಸೆಕೆಂಡಿಗೆ ಐದಾರು ಸಲ ಹೀಗೆ ಎಳೆದು ಬಿಡುತ್ತದೆ. ವಿಡಿಯೋ ನಿಧಾನ ಮಾಡಿ ಇದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ.

ಈಗ ಕರ್ನಾಟಕದಲ್ಲೇ ಇದ್ದೇನೆ. ಇಲ್ಲಿ ಕೆಲಸಕ್ಕೆ ಬೇಕಾದಷ್ಟು ಅವಕಾಶವಿದೆ. ಬೆಂಗಳೂರಿನ ಹತ್ತಿರ ತರಳುವಿನಲ್ಲಿ ಸಿಆರ್‌ಪಿಎಫ್‌ನ ಶ್ವಾನ ತರಬೇತಿ ಶಾಲೆಯಿದೆ. ಜಿಲ್ಲೆ ಜಿಲ್ಲೆಯಲ್ಲೂ ಪೊಲೀಸ್ ಶ್ವಾನದಳಗಳಿವೆ. ಬಂಡೀಪುರದಲ್ಲಿ ಅರಣ್ಯ ಇಲಾಖೆಗೆ ದುಡಿದ ರಾಣಾ ಎಂಬ ಜರ್ಮನ್ ಶೆಪರ್ಡ್ ಹೆಸರು ಪತ್ರಿಕೆ ಓದುವವರಿಗೆ ಗೊತ್ತೇ ಇದೆ.

ಆದರೆ ವಿದೇಶದ ಕೈಪಿಡಿ ಇಲ್ಲಿಗೆ ಹಾಗೇ ಹೊಂದುವುದಿಲ್ಲ. ಏಪ್ರಿಲ್ ಬಿಸಿಲಿಗೆ ನಾಯಿ ನಾಲಿಗೆ ಚಾಚಿ ಏದುಸಿರು ಬಿಡಲು ಶುರು ಮಾಡಿದರೆ ಮೂಸುವುದು ಕಡಿಮೆಯಾಗುತ್ತದೆ, ಎರಡೂ ಒಟ್ಟಿಗೆ ಚೆನ್ನಾಗಿ ಆಗುವುದಿಲ್ಲ. ಚೆಕ್‌ಪೋಸ್ಟ್‌ಗಳಲ್ಲಿ ಇನ್ನೊಂದು ತೊಂದರೆ. ತಿಂಗಳುಗಟ್ಟಲೆ ಏನೂ ಸಿಗದಿದ್ದರೆ ಅಲ್ಲಿ ಹುಡುಕುವ ಹುಮ್ಮಸ್ಸೇ ಇಳಿಯುತ್ತದೆ. ಇಸ್ರೇಲಿನ ಸಂಶೋಧಕರು 2005ರಲ್ಲೇ ಇದನ್ನು ತೋರಿಸಿದ್ದರು. ಸ್ಫೋಟಕ ಎಂದೂ ಸಿಗದ ದಾರಿಯಲ್ಲಿ ಓಡಾಡಿದ ನಾಯಿಗಳು, ಆಮೇಲೆ ಅಲ್ಲೇ ಇಟ್ಟಾಗಲೂ ಹುಡುಕುವುದರಲ್ಲಿ ಹಿಂದೆ ಬಿದ್ದವು. ಹಾಗಾಗಿ ಹ್ಯಾಂಡ್ಲರ್‌ಗೆ ತಿಳಿಸದೆ ಆಗಾಗ ಮಾದರಿ ಬಚ್ಚಿಡಿ ಅಂತ ನಾನು ಕೇಳಿಕೊಳ್ಳುತ್ತೇನೆ. ಸಿಕ್ಕಾಗ ಚೆಂಡು ಅಲ್ಲೇ, ಆ ಕ್ಷಣವೇ ಕೊಡಬೇಕು.

ಈ ದಾರಿಗೆ ಬರಬೇಕೆಂದು ಕೇಳುವ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟು. ಪತ್ತೆ ನಾಯಿ ಅನ್ನುವ ಹೆಸರಿನ ಡಿಗ್ರಿ ಹುಡುಕಬೇಡಿ. ರಸಾಯನಶಾಸ್ತ್ರವೋ ಪ್ರಾಣಿ ವರ್ತನೆಯೋ ಮನಶ್ಶಾಸ್ತ್ರವೋ, ಒಂದನ್ನು ಗಟ್ಟಿಯಾಗಿ ಓದಿ, ಸಂಖ್ಯಾಶಾಸ್ತ್ರವನ್ನು ಬಿಡಬೇಡಿ. ರಜೆಯಲ್ಲಿ ಅನುಮತಿ ಕೇಳಿ ಹತ್ತಿರದ ಶ್ವಾನದಳದ ಬೆಳಗಿನ ಅಭ್ಯಾಸ ನೋಡಿ. ನಾಯಿ ಜೊತೆ ದಿನವಿಡೀ ಇರುವ ಕಾನ್‌ಸ್ಟೇಬಲ್ ಹೇಳುವುದನ್ನು ಬರೆದುಕೊಳ್ಳಿ. ನನ್ನ ಒಳ್ಳೆಯ ಸಂಶೋಧನಾ ಪ್ರಶ್ನೆಗಳು ಹೆಚ್ಚಾಗಿ ಅವರಿಂದಲೇ ಬಂದಿವೆ.