ಮೊದಲು ಕಾರು, ಆಮೇಲೆ ಕಂಬ

2022ರ ಬೇಸಿಗೆಯಲ್ಲಿ ಒಬ್ಬ ಹಿರಿಯರು ನನ್ನ ಆಫೀಸಿಗೆ ಬಂದರು. ಮೂವತ್ತು ವರ್ಷ ದಿನಸಿ ಅಂಗಡಿ ನಡೆಸಿದವರು. ಕೂಡಿಟ್ಟ ದುಡ್ಡಿನಲ್ಲಿ ಬೆಂಗಳೂರಿನ ದಕ್ಷಿಣದ ಒಂದು ಬಡಾವಣೆಯಲ್ಲಿ 60ಕ್ಕೆ 80 ಅಡಿ ಸೈಟು ತಗೊಂಡಿದ್ದರು. ಎದುರಿಗೆ 40 ಅಡಿ ರಸ್ತೆ.

"ಕೆಳಗೆ ಬೇಸ್‌ಮೆಂಟ್ ಪಾರ್ಕಿಂಗ್, ಅದರ ಮೇಲೆ ಸಾಲಾಗಿ ಅಂಗಡಿ, ಅದರ ಮೇಲೆ ಮೂರು ಅಂತಸ್ತು ಆಫೀಸು. ಬಾಡಿಗೆಯಲ್ಲೇ ನಾವಿಬ್ಬರೂ ಕೊನೆತನಕ ಬದುಕಬೇಕು ಮೇಡಂ," ಅಂದರು.

ನಾನು ಸಿವಿಲ್ ಇಂಜಿನಿಯರ್. ಮನೆ ನಕ್ಷೆ ಬೇಕಾದಷ್ಟು ಮಾಡಿದ್ದೆ. ಕಮರ್ಷಿಯಲ್ ಕಟ್ಟಡ ಕಡಿಮೆ. ಮೂರೇ ದಿನದಲ್ಲಿ ನಕ್ಷೆ ಮುಗಿಸಿದೆ. ಒಟ್ಟು ಸುಮಾರು 780 ಚದರ ಮೀಟರ್ ಬಂತು. ಬೆಂಗಳೂರಿಗೆ ಆಗ ಲೆಕ್ಕ ಹಿಡಿಯುತ್ತಿದ್ದದ್ದು 2007ರಲ್ಲಿ ಜಾರಿಗೆ ಬಂದ, 2015ರವರೆಗಿನ ನಗರದ ಬೆಳವಣಿಗೆಗೆ ಅಂತ ಮಾಡಿದ ಮಾಸ್ಟರ್ ಪ್ಲಾನ್ 2015ರ ವಲಯ ನಿಯಮಗಳನ್ನೇ. 2031ರವರೆಗಿನ ಹೊಸ ಪ್ಲಾನಿನ ಕರಡು ಬಂದು ವಾಪಸ್ ಹೋಗಿತ್ತು. ಹಳೆಯ ನಿಯಮದಲ್ಲಿ ಅಂಗಡಿಗಾಗಲಿ ಆಫೀಸಿಗಾಗಲಿ 50 ಚದರ ಮೀಟರ್‌ಗೆ ಒಂದು ಕಾರಿನ ಜಾಗ. 780ಕ್ಕೆ 16 ಕಾರು.

ಬೇಸ್‌ಮೆಂಟ್ ಅಳತೆ ನೋಡಿದೆ. ಸೈಟಿನ ಅಗಲ 18.3 ಮೀಟರ್. ಎರಡೂ ಕಡೆ 2 ಮೀಟರ್ ಬಿಟ್ಟು, ಗೋಡೆ ಕಳೆದರೆ ಒಳಗೆ 14 ಮೀಟರ್. ಉದ್ದ 20 ಮೀಟರ್. ಒಂದು ಕಾರಿಗೆ ನಾನು ಹಿಡಿಯುವುದು 2.5 ಮೀಟರ್ ಅಗಲ, 5.5 ಮೀಟರ್ ಉದ್ದ. 20 ಮೀಟರ್‌ನಲ್ಲಿ ಒಂದು ಸಾಲಿಗೆ 8 ಕಾರು. ಆ ಕಡೆ 8, ಈ ಕಡೆ 8. ಸರಿಯಾಗಿ 16! ಲೆಕ್ಕ ಕೂಡಿತಲ್ಲ ಅಂತ ಖುಷಿಯಾಯಿತು. ಚೌಕಗಳನ್ನು ಎಳೆದು ನಂಬರ್ ಹಾಕಿದೆ.

ಆನ್‌ಲೈನ್‌ನಲ್ಲಿ ಮಂಜೂರಾತಿಗೆ ಹಾಕುವ ಮೊದಲು ನಗರ ಯೋಜನೆಯ ಅಧಿಕಾರಿಯೊಬ್ಬರಿಗೆ ತೋರಿಸೋಣ ಅಂತ ಪ್ರಿಂಟ್ ತಗೊಂಡು ಹೋದೆ. ಅವರು ಎತ್ತರ, ಸುತ್ತ ಬಿಡಬೇಕಾದ ಖಾಲಿ ಜಾಗ (ಸೆಟ್‌ಬ್ಯಾಕ್) ಯಾವುದನ್ನೂ ಮೊದಲು ನೋಡಲಿಲ್ಲ. ನೇರ ಬೇಸ್‌ಮೆಂಟ್ ಹಾಳೆ ತೆಗೆದರು. ಜೇಬಿನಿಂದ ಪೆನ್ಸಿಲ್ ತೆಗೆದು ನನ್ನ ಕೈಗೆ ಕೊಟ್ಟರು.

"ಏಳನೇ ನಂಬರ್ ಕಾರು ಹೊರಗೆ ಬರಬೇಕು. ಗೆರೆ ಎಳೆದು ತೋರಿಸಿ ಮೇಡಂ."

ನಾನು ಪೆನ್ಸಿಲ್ ಇಟ್ಟೆ. ಎರಡು ಸಾಲಿನ ಕಾರು ಸೇರಿ 11 ಮೀಟರ್ ತಿಂದಿತ್ತು. ನಡುವೆ ಉಳಿದದ್ದು 3 ಮೀಟರ್. ಐದು ಮೀಟರ್ ಹತ್ತಿರ ಉದ್ದದ ಕಾರು ಅಷ್ಟರಲ್ಲಿ ಹಿಂದಕ್ಕೆ ಬಂದು ತಿರುಗಬೇಕು. ಎದುರು ಸಾಲಿನ ಕಾರಿನ ಬಾನೆಟ್ ಮೇಲೆ ಗೆರೆ ಎಳೆಯದೆ ದಾರಿಯೇ ಇಲ್ಲ.

"ಇನ್ನು ರ‍್ಯಾಂಪ್?" ಅಂದರು.

ರ‍್ಯಾಂಪ್ ಇಳಿಜಾರು 1ಕ್ಕೆ 8. ಅಂದರೆ ಒಂದು ಮೀಟರ್ ಕೆಳಗಿಳಿಯಲು ಎಂಟು ಮೀಟರ್ ಉದ್ದ ಬೇಕು. ಬೇಸ್‌ಮೆಂಟ್ ನೆಲ 3 ಮೀಟರ್ ಕೆಳಗೆ. 24 ಮೀಟರ್ ರ‍್ಯಾಂಪ್. ನನ್ನ ಸೈಟಿನ ಪೂರ್ತಿ ಉದ್ದವೇ 24.4 ಮೀಟರ್. ನಾನು ಹಾಳೆಯಲ್ಲಿ ರ‍್ಯಾಂಪನ್ನು ಒಂದು ಬಾಣದ ಗುರುತಿನಲ್ಲಿ ತೋರಿಸಿ ಮುಗಿಸಿದ್ದೆ. ಅದರ ಉದ್ದ ಅಳೆದೇ ಇರಲಿಲ್ಲ. ಅವರು ಬೈಯಲಿಲ್ಲ. "ಸರಿಯಾಗಿ ಮಾಡ್ಕೊಂಡು ಬನ್ನಿ," ಅಂತ ಹಾಳೆ ಮಡಚಿ ಕೊಟ್ಟರು. ಆ ಪೆನ್ಸಿಲ್‌ಗೆ ನಾನು ಇವತ್ತಿಗೂ ಋಣಿ.

ವಾಪಸ್ ಬಂದು ಬೇಸ್‌ಮೆಂಟ್ ಉಳಿಸಿಕೊಳ್ಳಲು ಎರಡು ವಾರ ಒದ್ದಾಡಿದೆ. ಬೇಸ್‌ಮೆಂಟಿನ ಚಾವಣಿಯನ್ನು ನೆಲದಿಂದ 1.2 ಮೀಟರ್ ಮೇಲೆತ್ತಿದರೆ ಇಳಿಯಬೇಕಾದದ್ದು 1.8 ಮೀಟರ್. ರ‍್ಯಾಂಪ್ 14.4 ಮೀಟರ್‌ಗೆ ಬಂತು. ಆದರೆ ಅಂಗಡಿಗಳ ನೆಲ ರಸ್ತೆಯಿಂದ ನಾಲ್ಕಡಿ ಮೇಲೆ ಹೋಯಿತು. ಏಳೆಂಟು ಮೆಟ್ಟಿಲು ಹತ್ತಿ ಯಾರು ಹಾಲಿನ ಪ್ಯಾಕೆಟ್ ತಗೊಳ್ಳಲು ಬರುತ್ತಾರೆ? ಗಾಲಿಕುರ್ಚಿಯವರಿಗೆ 1ಕ್ಕೆ 12ರ ಇಳಿಜಾರು ಕೊಡಬೇಕು, ಅದು ಇನ್ನೊಂದು 14.4 ಮೀಟರ್. ಇಷ್ಟೆಲ್ಲ ಮಾಡಿದರೂ ಕೆಳಗೆ ಕಾರು ನಿಲ್ಲಲು ಸಿಕ್ಕ ಮಟ್ಟಸ ನೆಲ 8 ಮೀಟರ್ ಉದ್ದ ಮಾತ್ರ. ಉಳಿದದ್ದೆಲ್ಲ ರ‍್ಯಾಂಪೇ. ಜೊತೆಗೆ ರ‍್ಯಾಂಪಿನ ತಲೆಯಲ್ಲೂ ಬುಡದಲ್ಲೂ ಇಳಿಜಾರನ್ನು ಸ್ವಲ್ಪ ಸಡಿಲ ಮಾಡಬೇಕು. ಇಲ್ಲದಿದ್ದರೆ ಕಾರಿನ ತಳ ಉಜ್ಜುತ್ತದೆ. ಆಗ ಉದ್ದ ಇನ್ನೂ ಜಾಸ್ತಿ. 60ಕ್ಕೆ 80ರ ಸೈಟಿನಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್ ಕೂರುವುದಿಲ್ಲ ಅಂತ ನನಗೆ ಖಚಿತವಾಯಿತು.

ಇಷ್ಟು ಗೊತ್ತಾದ ಮೇಲೂ ಎಷ್ಟೋ ಕಡೆ ಅದೇ ಅಳತೆಯ ಸೈಟಿನಲ್ಲಿ ಬೇಸ್‌ಮೆಂಟ್ ಕಾಣುತ್ತದಲ್ಲ, ಅಲ್ಲಿ ಕಾರು ಹೇಗೆ ನಿಲ್ಲುತ್ತದೆ ಅಂತ ಕೇಳಬಹುದು. ನಿಲ್ಲುವುದಿಲ್ಲ. ಗೋಡೌನ್ ಆಗುತ್ತದೆ, ಜೆರಾಕ್ಸ್ ಅಂಗಡಿ ಆಗುತ್ತದೆ, ಜಿಮ್ ಆಗುತ್ತದೆ. ಕಾರುಗಳು ರಸ್ತೆಯಲ್ಲಿ ನಿಲ್ಲುತ್ತವೆ. ಅಕ್ಕಪಕ್ಕದ ಮನೆಯವರು ಗೇಟು ತೆಗೆಯಲಾಗದೆ ದಿನಾ ಜಗಳವಾಡುತ್ತಾರೆ. ಇದರಲ್ಲಿ ಮಾಲೀಕರ ಆಸೆ ಎಷ್ಟಿದೆಯೋ, ತಿರುಗಲಾಗದ ಕಾರುಗಳನ್ನು ಹಾಳೆಯ ಮೇಲೆ ಬರೆದುಕೊಡುವ ನಮ್ಮಂಥವರ ಪಾಲೂ ಅಷ್ಟೇ ಇದೆ. ಇದು ನನ್ನ ಗಟ್ಟಿ ಅಭಿಪ್ರಾಯ.

ಈಗ ಸೈಟಿನ ಯಜಮಾನರಿಗೆ ಹೇಳುವ ಕೆಲಸ. ಬಾಯಿಮಾತಿನಲ್ಲಿ ಹೇಳಿದರೆ ನಂಬುವುದಿಲ್ಲ ಅಂತ ಗೊತ್ತಿತ್ತು. ಭಾನುವಾರ ಬೆಳಿಗ್ಗೆ ಸೈಟಿಗೆ ಬನ್ನಿ, ಕಾರಿನಲ್ಲೇ ಬನ್ನಿ ಅಂದೆ. ಮೇಸ್ತ್ರಿ, ನಾನು ಆರೂವರೆಗೇ ಹೋದೆವು. ಟೇಪು ಹಿಡಿದು, ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಹಾಕಿದೆವು. ಎರಡು ಸಾಲು, ಹದಿನಾರು ಚೌಕ, ನಡುವೆ 3 ಮೀಟರ್. ಕಂಬ ಬರುವ ಜಾಗದಲ್ಲೆಲ್ಲ ಇಟ್ಟಿಗೆ ಪೇರಿಸಿದೆವು. ಯಜಮಾನರ ಮಗ ಇನ್ನೋವಾ ತಂದರು. ಏಳನೇ ಚೌಕಕ್ಕೆ ಹಾಕಿ ಅಂದೆ. ಹಿಂದೆ, ಮುಂದೆ, ಹಿಂದೆ. ಆರನೇ ಸಲಕ್ಕೆ ಹಿಂದಿನ ಚಕ್ರ ಇಟ್ಟಿಗೆ ಉರುಳಿಸಿತು. ಅದು ನಮ್ಮ ಕಂಬ.

ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಎಷ್ಟು ಕಾರು ಸರಿಯಾಗಿ ನಿಲ್ಲುತ್ತೆ, ಅದನ್ನ ಹೇಳಿ ಮೇಡಂ. ಅದಕ್ಕೆ ತಕ್ಕ ಹಾಗೆ ಕಟ್ಟಡ ಮಾಡೋಣ," ಅಂದರು.

ನಾನು ಓದಿ ಕಲಿಯದ ಪಾಠವನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಕಟ್ಟಡ ಬರೆದು ಕಾರು ತುರುಕುವುದಲ್ಲ. ಕಾರು ನಿಲ್ಲಿಸಿ, ಅದರ ಸುತ್ತ ಕಂಬ ಎಬ್ಬಿಸಿ, ಆಮೇಲೆ ಕಟ್ಟಡದ ಎತ್ತರ ತೀರ್ಮಾನ ಮಾಡುವುದು.

ಅವತ್ತೇ ಅಲ್ಲೇ ಹೊಸ ಗೆರೆ ಹಾಕಿದೆವು. ಬೇಸ್‌ಮೆಂಟ್ ಬಿಟ್ಟೆವು. ನೆಲದ ಮಟ್ಟ ಪೂರ್ತಿ ಸ್ಟಿಲ್ಟ್, ಅಂದರೆ ಗೋಡೆಯಿಲ್ಲದೆ ಬರೀ ಕಂಬಗಳ ನಡುವೆ ಪಾರ್ಕಿಂಗ್. ಕಟ್ಟಡದ ಅಗಲ 13 ಮೀಟರ್. ಎಡಕ್ಕೆ ಅಡ್ಡಡ್ಡ ನಿಲ್ಲುವ ಕಾರುಗಳಿಗೆ 5.5 ಮೀಟರ್, ನಡುವೆ ಓಡಾಡಲು 5 ಮೀಟರ್, ಬಲಕ್ಕೆ ಗೋಡೆಗುಂಟ ಉದ್ದುದ್ದ ನಿಲ್ಲುವ ಕಾರಿಗೆ 2.5 ಮೀಟರ್. ಇನ್ನೋವಾ ಈ ಸಲ ಎರಡೇ ಎಳೆತಕ್ಕೆ ಹೊರಗೆ ಬಂತು. ಎಡಕ್ಕೆ 6, ಬಲಕ್ಕೆ 2. ಒಟ್ಟು 8 ಕಾರು. ಬಲಭಾಗದ ಮುಂದಿನ ಮೂಲೆಗೆ ಮೆಟ್ಟಿಲು, ಲಿಫ್ಟ್. 8 ಕಾರು ಅಂದರೆ ನಿಯಮದ ಪ್ರಕಾರ 400 ಚದರ ಮೀಟರ್ ಕಟ್ಟಡ. ಮೇಲೆ ಎರಡೇ ಅಂತಸ್ತು. ಮೊದಲು ಅಂದುಕೊಂಡದ್ದರ ಅರ್ಧಕ್ಕೆ ಇಳಿಯಿತು. ಯಜಮಾನರ ಹೆಂಡತಿ ಆ ದಿನ ಬೇಜಾರಾಗಿ ನನ್ನ ಜೊತೆ ಮಾತಾಡಲಿಲ್ಲ. ಅವರ ಬೇಜಾರು ನ್ಯಾಯವಾದದ್ದೇ.

ಕಂಬದ ಲೆಕ್ಕಕ್ಕೆ ಜಾಸ್ತಿ ಹೊತ್ತು ಕೊಟ್ಟೆ. ಎರಡು ಕಾರಿಗೆ ಒಂದು ಅಂಕಣ, ಕಂಬದ ನಡುವಿನಿಂದ ನಡುವಿಗೆ 5.6 ಮೀಟರ್. ಅಂಥ ಮೂರು ಅಂಕಣ. ಕಂಬ 300ಕ್ಕೆ 600 ಮಿಲಿಮೀಟರ್. ಅದರ ಉದ್ದ ಮುಖವನ್ನು ಕಾರಿನ ಉದ್ದಕ್ಕೇ ತಿರುಗಿಸಿದೆ. ಆಗ ಅಗಲದಲ್ಲಿ 300 ಮಾತ್ರ ಹೋಗಿ, ಎರಡು ಕಾರಿಗೆ 5.3 ಮೀಟರ್ ಉಳಿಯಿತು. ಬಾಗಿಲು ತೆಗೆದು ಇಳಿಯಲು ಒಂದು ಗೇಣಿನಷ್ಟು ಜಾಸ್ತಿ ಸಿಕ್ಕಿತು. ಓಡಾಡುವ ದಾರಿಯ ಅಂಚಿಗೇ ಕಂಬ ತಂದು ನಿಲ್ಲಿಸಲಿಲ್ಲ. ಸುಮಾರು ಒಂದು ಮೀಟರ್ ಒಳಗೆ ತಳ್ಳಿದೆ. ಕಾರು ತಿರುಗಿಸುವಾಗ ಮೂಲೆ ತಗಲುವುದು ಆ ಅಂಚಿನಲ್ಲೇ. ಬೀಮಿನ ಕೆಳಗೆ 2.4 ಮೀಟರ್ ಸಿಗಲೇಬೇಕು ಅಂತ ಹಟ ಹಿಡಿದೆ.

ಸ್ಟ್ರಕ್ಚರಲ್ ಇಂಜಿನಿಯರ್ ಒಂದು ಎಚ್ಚರಿಕೆ ಕೊಟ್ಟರು. ಕೆಳಗೆ ಗೋಡೆಯಿಲ್ಲದೆ ಬರೀ ಕಂಬ, ಮೇಲೆ ಗೋಡೆ ತುಂಬಿದ ಅಂತಸ್ತು ಅಂದರೆ ಭೂಕಂಪದಲ್ಲಿ ಆ ಕಂಬಗಳಿಗೇ ಪೆಟ್ಟು. ನಾವು ಲೆಕ್ಕ ಹಾಕಿದ 2016ರ ಐಎಸ್ 1893 (ಭೂಕಂಪ ತಡೆಯುವ ಕಟ್ಟಡಕ್ಕೆ ಭಾರತೀಯ ಮಾನದಂಡ) ಪ್ರಕಾರ ಬೆಂಗಳೂರು ಝೋನ್ 2, ಅಪಾಯ ಕಡಿಮೆ. ಹಾಗಂತ ಬಿಡುವ ಹಾಗಿಲ್ಲ. ಲಿಫ್ಟಿನ ಸುತ್ತ ಕಾಂಕ್ರೀಟ್ ಗೋಡೆ ಹಾಕಿಸಿದರು. ಖರ್ಚಾಯಿತು, ಯಜಮಾನರು ಒಪ್ಪಿದರು.

ನಿಯಮ ಕಾರು ಎಣಿಸುತ್ತದೆ. ನಮ್ಮ ಊರಿನ ಜನ ಬೈಕಿನಲ್ಲಿ ಬರುತ್ತಾರೆ. ಹತ್ತಿರದ ಇದೇ ತರಹದ ಒಂದು ಕಾಂಪ್ಲೆಕ್ಸ್ ಎದುರು ಶನಿವಾರ ಸಂಜೆ ಒಂದು ಗಂಟೆ ನಿಂತು ನೋಡಿದೆ. ಬಂದವರಲ್ಲಿ ಬಹುಪಾಲು ಬೈಕು, ಸ್ಕೂಟರು. ಹತ್ತು ನಿಮಿಷದ ಕೆಲಸಕ್ಕೆ ಬಂದವರು ಒಳಗೆ ಹೋಗಿ ನಿಲ್ಲಿಸುವುದೇ ಇಲ್ಲ. ಫುಟ್‌ಪಾತ್ ಮೇಲೆ ಹತ್ತಿಸಿ, ಹ್ಯಾಂಡಲ್ ಲಾಕ್ ಹಾಕಿ ಹೋಗುತ್ತಾರೆ. ಅದಕ್ಕೇ ನಮ್ಮ ಸೈಟಿನ ಮುಂದಿನ ಖಾಲಿ ಜಾಗದಲ್ಲಿ, ಕಾಂಪೌಂಡಿನ ಒಳಮಗ್ಗುಲಲ್ಲಿ, ಗೇಟು ದಾಟಿದ ಕೂಡಲೇ 12 ಬೈಕಿಗೆ ಗೆರೆ ಹಾಕಿಸಿದೆ. ಕಾಂಪೌಂಡ್ ಗೋಡೆಯನ್ನು ಮೂರಡಿಗೆ ಇಳಿಸಿದೆ. ಹೊರಗಿನಿಂದ ಜಾಗ ಕಂಡರೆ ಜನ ಒಳಗೆ ಬರುತ್ತಾರೆ, ಕಾಣದಿದ್ದರೆ ಬರುವುದಿಲ್ಲ. ಇದನ್ನು ಯಾವ ನಿಯಮವೂ ಕೇಳಿರಲಿಲ್ಲ.

ಮುಂದಿನದೆಲ್ಲ ಸಲೀಸು. ಕ್ರಯಪತ್ರ, ಖಾತಾ, ತೆರಿಗೆ ರಸೀದಿ, ವಲಯದ ದಾಖಲೆ, ಮಳೆನೀರು ಕೊಯ್ಲಿನ ವಿವರ. ನಕ್ಷೆಯ ಲೇಯರ್ ತಪ್ಪಾಗಿ ಸಾಫ್ಟ್‌ವೇರ್ ಒಂದು ಸಲ ವಾಪಸ್ ಕಳಿಸಿತು, ಸರಿಮಾಡಿ ಮತ್ತೆ ಹಾಕಿದೆ. ಅದೇ ಅಧಿಕಾರಿ ಸ್ಥಳಕ್ಕೆ ಬಂದಾಗ ಮಾಸಿದ ಸುಣ್ಣದ ಗೆರೆ ಇನ್ನೂ ಅಲ್ಲಲ್ಲಿ ಇತ್ತು. ಅದನ್ನು ನೋಡಿ, "ಇದು ಒಳ್ಳೇದು," ಅಂದರು. ಪಾರ್ಕಿಂಗ್ ಮೇಲೆ ಒಂದೂ ಆಕ್ಷೇಪಣೆ ಬರಲಿಲ್ಲ.

ಕಟ್ಟಡ ಮುಗಿದು 2024ರಲ್ಲಿ ಒಸಿ, ಅಂದರೆ ಕಟ್ಟಡ ಬಳಸಬಹುದು ಅನ್ನುವ ಪ್ರಮಾಣಪತ್ರ, ಕೈಗೆ ಬಂತು. ಮೊದಲ ಮಹಡಿಗೆ ಒಬ್ಬ ದಂತವೈದ್ಯರು, ಎರಡನೆಯದಕ್ಕೆ ಒಂದು ಲೆಕ್ಕಪರಿಶೋಧಕರ ಆಫೀಸು ಬಂತು. ಇಬ್ಬರೂ ಮೊದಲು ಕೇಳಿದ್ದು ಪಾರ್ಕಿಂಗ್, ಆಮೇಲೆ ಒಸಿ, ಕೊನೆಗೆ ಬಾಡಿಗೆ.

ಅದೇ ವರ್ಷ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಒಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಅಂತ. ಜನವರಿಯಲ್ಲಿ ಯಜಮಾನರು ಫೋನ್ ಮಾಡಿದರು. ಅವರ ಪರಿಚಯದವರೊಬ್ಬರು ಹೊಸ ಕಟ್ಟಡ ಮುಗಿಸಿ ಕರೆಂಟ್ ಮೀಟರ್ ಸಿಗದೆ ಅಲೆಯುತ್ತಿದ್ದರಂತೆ. "ಅಮ್ಮಾವ್ರು ನಿಮ್ಮ ಹತ್ರ ಮಾತಾಡ್ಬೇಕಂತೆ," ಅಂತ ಹೆಂಡತಿಗೆ ಫೋನ್ ಕೊಟ್ಟರು. ಅವರು ಹಳೆಯ ಮಾತು ಎತ್ತಲಿಲ್ಲ. ಸಂಕ್ರಾಂತಿಗೆ ಮನೆಗೆ ಬಾ, ಎಳ್ಳು ಬೆಲ್ಲ ತಗೊಂಡು ಹೋಗು ಅಂದರು.

ಈಗ ಯಾರೇ ಕಮರ್ಷಿಯಲ್ ಕೆಲಸ ತಂದರೂ ನಾನು ಮೊದಲು ರಟ್ಟಿನಲ್ಲಿ ಕಾರು ಕತ್ತರಿಸುತ್ತೇನೆ. 1:100 ಸ್ಕೇಲಿನಲ್ಲಿ ಒಂದು ಕಾರಿನ ಜಾಗ 25ಕ್ಕೆ 55 ಮಿಲಿಮೀಟರ್. ಸೈಟಿನ ಹಾಳೆ ಹಾಸಿ, ರಟ್ಟಿನ ಕಾರುಗಳನ್ನು ಮಾಲೀಕರ ಕೈಗೇ ಕೊಡುತ್ತೇನೆ. ನೀವೇ ನಿಲ್ಲಿಸಿ, ನೀವೇ ಹೊರಗೆ ತೆಗೆಯಿರಿ ಅನ್ನುತ್ತೇನೆ. ಬಹಳ ಮಂದಿ ಐದು ನಿಮಿಷದಲ್ಲಿ ಒಂದು ಅಂತಸ್ತು ತಾವಾಗಿಯೇ ಬಿಡುತ್ತಾರೆ. ಬಿಡದವರಿಗೆ ಸುಣ್ಣದ ಪುಡಿ ಇದ್ದೇ ಇದೆ.

ಆ ಕಟ್ಟಡಕ್ಕೆ ಆರು ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ. ಹೋದ ಸಲ ಆರನೇ ನಂಬರಿನ ಜಾಗದಲ್ಲಿ ಟೈಲ್ಸ್ ಪೆಟ್ಟಿಗೆ, ಹಳೆಯ ಸೋಫಾ ಪೇರಿಸಿದ್ದರು. ಮೇಲಿನವರು ಒಳಗೆ ರಿಪೇರಿ ಮಾಡಿಸುತ್ತಿದ್ದರು. ಫೋಟೋ ತೆಗೆದು ಯಜಮಾನರಿಗೆ ಕಳಿಸಿದೆ. ಮಾರನೇ ದಿನ ಬೆಳಿಗ್ಗೆ ಅವರಿಂದ ವಾಪಸ್ ಫೋಟೋ ಬಂತು. ಜಾಗ ಖಾಲಿ. ಗುಡಿಸಿ, ಮಾಸಿದ 6ರ ಮೇಲೆ ಬಿಳಿ ಬಣ್ಣ ಹಚ್ಚಿಸಿದ್ದರು.