ಹಳೆ ಡೀಸೆಲ್ ಪಿಕಪ್‌ನಲ್ಲಿ ಚಾರ್ಜಿಂಗ್ ತೊಂದರೆ: ನಾನು ಅಳೆದು ಹುಡುಕಿದ್ದು ಹೀಗೆ

ಹಳೆ ಡೀಸೆಲ್ ಗಾಡಿಯಲ್ಲಿ ಚಾರ್ಜಿಂಗ್ ಕೆಟ್ಟರೆ ತಕ್ಷಣ ಗೊತ್ತಾಗುವುದಿಲ್ಲ. ಪೆಟ್ರೋಲ್ ಎಂಜಿನ್‌ಗೆ ಕಿಡಿ ಬೇಕು, ಕಿಡಿಗೆ ಕರೆಂಟ್ ಬೇಕು. ಮೆಕ್ಯಾನಿಕಲ್ ಪಂಪ್ ಇರುವ ಡೀಸೆಲ್ ಎಂಜಿನ್‌ಗೆ ಆ ಚಿಂತೆಯಿಲ್ಲ. ಒಮ್ಮೆ ಸ್ಟಾರ್ಟ್ ಆದರೆ ಪಂಪಿನ ಮೇಲಿನ ಸಾಲೆನಾಯ್ಡ್ (ಕರೆಂಟ್‌ನಿಂದ ತೆರೆದು ಡೀಸೆಲ್ ಬಿಡುವ ವಾಲ್ವ್) ತೆರೆದಿರುವಷ್ಟು ಕರೆಂಟ್ ಸಿಕ್ಕರೆ ಸಾಕು. ಬ್ಯಾಟರಿ ಖಾಲಿಯಾಗುತ್ತಾ ಹೋದರೂ ಗಾಡಿ ಆರಾಮಾಗಿ ಓಡುತ್ತಲೇ ಇರುತ್ತದೆ. ಗೊತ್ತಾಗುವುದು ಮರುದಿನ ಬೆಳಿಗ್ಗೆ, ಸೆಲ್ಫ್ ಹೊಡೆದಾಗ.

ನನ್ನ ಪಿಕಪ್‌ನಲ್ಲಿ ಆಗುತ್ತಿದ್ದದ್ದೂ ಇದೇ. ಆದರೆ ಅದರಲ್ಲೊಂದು ಕ್ರಮ ಇತ್ತು. ಹಗಲು ಓಡಿಸಿ ನಿಲ್ಲಿಸಿದರೆ ಮರುದಿನ ಒಂದೇ ಸಲಕ್ಕೆ ಸ್ಟಾರ್ಟ್. ರಾತ್ರಿ ಲೈಟ್ ಹಾಕಿಕೊಂಡು ಬಂದು ನಿಲ್ಲಿಸಿದರೆ ಮಾತ್ರ ಬೆಳಿಗ್ಗೆ ಸೆಲ್ಫ್ ನರಳುತ್ತಿತ್ತು. ಬ್ಯಾಟರಿಯೇ ಹಾಳಾಗಿದ್ದರೆ ಹಗಲು ರಾತ್ರಿ ಅನ್ನೋ ಭೇದ ಯಾಕೆ ಇರಬೇಕು? ಲೈಟ್‌ನಂಥ ಕರೆಂಟ್ ಲೋಡ್ ಬಿದ್ದಾಗ ಮಾತ್ರ ಏನೋ ಸೋಲುತ್ತಿದೆ ಅಂತ ನನಗೆ ಆಗಲೇ ಅನಿಸಿತ್ತು. ನೋಡಿದ ಒಬ್ಬ ಎಲೆಕ್ಟ್ರಿಷಿಯನ್ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ತಯಾರಿಸಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಬದಲಾಯಿಸಿಬಿಡಿ ಅಂದರು. ಇಂಥ ಹಲವು ಗಾಡಿಗಳಲ್ಲಿ ಆಲ್ಟರ್ನೇಟರ್ ಬೆನ್ನಿಗೇ ವ್ಯಾಕ್ಯೂಮ್ ಪಂಪ್ ಇರುತ್ತದೆ. ಅದಕ್ಕೆ ಎಂಜಿನ್ ಆಯಿಲ್ ಬರುವ ಪೈಪ್, ಬ್ರೇಕ್ ಬೂಸ್ಟರ್‌ಗೆ ಹೋಗುವ ಹೋಸ್, ಎಲ್ಲಾ ಬಿಚ್ಚಬೇಕು. ಸುಮ್ನೆ ಅನುಮಾನದ ಮೇಲೆ ಮಾಡುವ ಕೆಲಸ ಅಲ್ಲ ಅದು. ಮೊದಲು ಅಳೆಯೋಣ ಅಂತ ಮಲ್ಟಿಮೀಟರ್ ಹಿಡಿದೆ.

ಶುರು ಮಾಡಿದ್ದು ಬ್ಯಾಟರಿಯಿಂದ. ಅರ್ಧ ಖಾಲಿಯಾದ ಬ್ಯಾಟರಿ ಇಟ್ಟುಕೊಂಡು ಆಲ್ಟರ್ನೇಟರ್ ಪರೀಕ್ಷೆ ಮಾಡಿದರೆ ಯಾವ ಸಂಖ್ಯೆಯನ್ನೂ ನಂಬುವ ಹಾಗಿಲ್ಲ. ಹೊರಗಿನ ಚಾರ್ಜರ್ ಹಾಕಿ ರಾತ್ರಿಯೆಲ್ಲ ಚಾರ್ಜ್ ಮಾಡಿದೆ. ಆಮೇಲೆ ಚಾರ್ಜರ್ ತೆಗೆದು, ಕೆಲವು ಗಂಟೆ ಬಿಟ್ಟು ಅಳೆದೆ. 12.6 ವೋಲ್ಟ್. ಪೂರ್ತಿ ಚಾರ್ಜ್ ಆದ ಬ್ಯಾಟರಿ ತೋರಿಸಬೇಕಾದದ್ದೇ ಅಷ್ಟು. 12.2 ಇದ್ದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ ಅಂತ ಲೆಕ್ಕ. ಸೆಲ್ಫ್ ಹೊಡೆಯುವಾಗ ಅದೇ ಬ್ಯಾಟರಿ 10.5ರ ಮೇಲೇ ನಿಂತಿತು. ಎಂಜಿನ್ ಚುರುಕಾಗಿ ತಿರುಗಿತು. ಬ್ಯಾಟರಿ, ಸೆಲ್ಫ್, ಅವೆರಡರ ದಪ್ಪ ಕೇಬಲ್, ಮೂರೂ ಅನುಮಾನದಿಂದ ಹೊರಗೆ ಬಂದವು.

ಬೆಲ್ಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು 10 ಮಿಲಿಮೀಟರ್ ಬಗ್ಗಬೇಕು. ಪಕ್ಕಗಳು ಗಾಜಿನ ಹಾಗೆ ಹೊಳೆಯುತ್ತಿರಬಾರದು. ಪುಲ್ಲಿಯ ತಳಕ್ಕೆ ಕೂತಿರಬಾರದು. ನನ್ನದು ಸರಿ ಇತ್ತು.

ಈಗ ಚಾರ್ಜ್ ಲ್ಯಾಂಪ್. ಮೀಟರ್ ಬೋರ್ಡಿನಲ್ಲಿರುವ ಈ ಕೆಂಪು ಬಲ್ಬನ್ನು ತುಂಬಾ ಜನ ಬರೀ ಎಚ್ಚರಿಕೆ ದೀಪ ಅಂದುಕೊಳ್ಳುತ್ತಾರೆ. ಹಳೆ ಗಾಡಿಗಳಲ್ಲಿ ಅದು ಕೆಲಸವನ್ನೂ ಮಾಡುತ್ತದೆ. ಕೀ ಆನ್ ಮಾಡಿದಾಗ ಆ ಬಲ್ಬಿನ ಮೂಲಕವೇ ಆಲ್ಟರ್ನೇಟರ್ ಒಳಗೆ ತಿರುಗುವ ಸುರುಳಿಗೆ, ಅಂದರೆ ರೋಟರ್‌ಗೆ, ಮೊದಲ ಕರೆಂಟ್ ಹೋಗುತ್ತದೆ. ಬಲ್ಬ್ ಸುಟ್ಟಿದ್ದರೆ ಹೊಸ ಆಲ್ಟರ್ನೇಟರ್ ಹಾಕಿದರೂ ಅದು ಚಾರ್ಜಿಂಗ್ ಶುರು ಮಾಡದೇ ಇರಬಹುದು, ಅಥವಾ ರೇಸ್ ಕೊಟ್ಟ ಮೇಲೆ ಮಾತ್ರ ಶುರು ಮಾಡಬಹುದು. ಹಾಗಾಗಿ ಎಂಜಿನ್ ಆಫ್ ಇದ್ದು ಕೀ ಆನ್ ಇರುವಾಗ ಬಲ್ಬ್ ಉರಿಯಲೇಬೇಕು. ಉರಿಯದಿದ್ದರೆ ಆಲ್ಟರ್ನೇಟರ್‌ನಿಂದ ಲ್ಯಾಂಪಿನ ವೈರ್ ಕಳಚಿ ಬಾಡಿಗೆ ಮುಟ್ಟಿಸಬೇಕು. ಆಗ ಉರಿದರೆ ಬಲ್ಬೂ ವೈರೂ ಸರಿ. ತೊಂದರೆ ಆಲ್ಟರ್ನೇಟರ್ ಒಳಗೆ, ಬಹುತೇಕ ಸವೆದ ಕಾರ್ಬನ್ (ರೋಟರ್‌ಗೆ ಕರೆಂಟ್ ಮುಟ್ಟಿಸುವ ತುಂಡು) ಅಥವಾ ರೆಗ್ಯುಲೇಟರ್ (ವೋಲ್ಟೇಜ್ ಹಿಡಿತದಲ್ಲಿಡುವ ಭಾಗ). ಆಗಲೂ ಉರಿಯದಿದ್ದರೆ ಬಲ್ಬ್, ಫ್ಯೂಸ್ ಅಥವಾ ವೈರ್.

ನನ್ನ ಗಾಡಿಯಲ್ಲಿ ಬಲ್ಬ್ ಉರಿಯಿತು, ಸ್ಟಾರ್ಟ್ ಆದಮೇಲೆ ಆರಿತು. ಆರ್‌ಪಿಎಂ ಮೀಟರೂ ಸರಿಯಾಗಿ ಓಡುತ್ತಿತ್ತು. ಇದೂ ಒಂದು ಒಳ್ಳೆಯ ಸುಳಿವು. ಡೀಸೆಲ್‌ನಲ್ಲಿ ಕಿಡಿ ಇಲ್ಲದ್ದರಿಂದ ಎಷ್ಟೋ ಹಳೆ ಗಾಡಿಗಳ ಆರ್‌ಪಿಎಂ ಮೀಟರ್‌ಗೆ ಸಿಗ್ನಲ್ ಬರುವುದು ಆಲ್ಟರ್ನೇಟರ್‌ನಿಂದಲೇ. ಅಂಥ ಗಾಡಿಯಲ್ಲಿ ಚಾರ್ಜಿಂಗ್ ಜೊತೆಗೇ ಆರ್‌ಪಿಎಂ ಮುಳ್ಳೂ ಮಲಗಿದರೆ ಆಲ್ಟರ್ನೇಟರ್ ಏನನ್ನೂ ತಯಾರಿಸುತ್ತಿಲ್ಲ ಅಂತ ಬಾನೆಟ್ ತೆರೆಯದೆಯೇ ಹೇಳಬಹುದು.

ಆದರೆ ಕತ್ತಲಾದ ಮೇಲೆ ಲೈಟ್ ಎಲ್ಲಾ ಹಾಕಿ, ಚಾರ್ಜ್ ಲ್ಯಾಂಪ್ ಸುತ್ತ ಕೈ ಮರೆಮಾಡಿ ನೋಡಿದೆ. ಬಲ್ಬಿನ ಎಳೆ ಮಂಕಾಗಿ ಕೆಂಪಗಿತ್ತು. ಬೆಳಕು ಅನ್ನುವಷ್ಟೂ ಇಲ್ಲ, ಎಳೆ ಮಾತ್ರ ಕೆಂಪು. ಲೈಟ್ ಆಫ್ ಮಾಡಿದರೆ ಮಾಯ. ಈ ಬಲ್ಬಿನ ಒಂದು ಕಡೆ ಬ್ಯಾಟರಿ, ಇನ್ನೊಂದು ಕಡೆ ಆಲ್ಟರ್ನೇಟರ್. ಎರಡೂ ಕಡೆ ವೋಲ್ಟೇಜ್ ಒಂದೇ ಇದ್ದರೆ ಬಲ್ಬ್ ಪೂರ್ತಿ ಆರುತ್ತದೆ. ಮಂಕಾಗಿ ಉರಿದರೆ ಎರಡರ ನಡುವೆ ಒಂದೆರಡು ವೋಲ್ಟ್ ವ್ಯತ್ಯಾಸ ಇದೆ ಅಂತ ಅರ್ಥ. ಆಲ್ಟರ್ನೇಟರ್ ಒಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್ ಹೋಗಿದ್ದರೂ ಹೀಗಾಗುತ್ತದೆ, ನಡುವಿನ ದಾರಿ ಕೆಟ್ಟಿದ್ದರೂ ಹೀಗಾಗುತ್ತದೆ.

ಡಯೋಡ್ ನೋಡುವುದು ಸುಲಭ. ಎಂಜಿನ್ ಓಡುತ್ತಿರುವಾಗ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಆಲ್ಟರ್ನೇಟರ್‌ನ ದಪ್ಪ ಟರ್ಮಿನಲ್ಲಿಗೂ ಅದರ ಬಾಡಿಗೂ ಇಟ್ಟರಾಯಿತು. ಅರ್ಧ ವೋಲ್ಟ್ ದಾಟಿದರೆ ಡಯೋಡ್ ಮೇಲೆ ಅನುಮಾನ ಪಡಬೇಕು. ನನಗೆ ಬಂದದ್ದು 0.1ಕ್ಕಿಂತ ಕಡಿಮೆ. ಅಲ್ಲಿಗೆ ಉಳಿದದ್ದು ದಾರಿ.

ಅಸಲಿ ಪರೀಕ್ಷೆ ಇನ್ನು ಮುಂದೆ. ಎಂಜಿನ್ ಸ್ಟಾರ್ಟ್ ಮಾಡಿ, ಬೆಚ್ಚಗಾಗಲು ಬಿಟ್ಟೆ. ಸ್ಟಾರ್ಟ್ ಆದ ತಕ್ಷಣ ಅಳೆಯಬಾರದು. ಚಳಿಯಿದ್ದರೆ ಹೀಟರ್ ಪ್ಲಗ್‌ಗಳು (ಸುಲಭವಾಗಿ ಸ್ಟಾರ್ಟ್ ಆಗಲು ಎಂಜಿನ್ ಒಳಗೆ ಬಿಸಿ ಮಾಡುವವು) ಸ್ಟಾರ್ಟ್ ಆದಮೇಲೂ ಸ್ವಲ್ಪ ಹೊತ್ತು ಉರಿಯುವ ಗಾಡಿಗಳಿವೆ. ಒಂದೊಂದು ಪ್ಲಗ್ 10 ಆಂಪಿಯರ್ ಆಸುಪಾಸು ಎಳೆಯುತ್ತದೆ, ಹಾಗಾಗಿ ವೋಲ್ಟೇಜ್ ಕಡಿಮೆ ಕಾಣುತ್ತದೆ.

ಲೋಡ್ ಇಲ್ಲದೆ ಬ್ಯಾಟರಿ ಮೇಲೆ 13.9 ವೋಲ್ಟ್ ಬಂತು. ಇಷ್ಟಕ್ಕೇ ನಿಲ್ಲಿಸಿದರೆ ಎಲ್ಲಾ ಸರಿ ಇದೆ ಅಂತಲೇ ಹೇಳಬೇಕು, ಅಲ್ವಾ? ಹೆಡ್‌ಲೈಟ್, ಬ್ಲೋವರ್, ಹಿಂದೆ ಕಟ್ಟಿರುವ ವರ್ಕ್ ಲ್ಯಾಂಪ್ ಎಲ್ಲಾ ಹಾಕಿ ಸ್ವಲ್ಪ ರೇಸ್ ಹಿಡಿದೆ. ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ 40 ಆಂಪಿಯರ್ ಹತ್ತಿರ ತೋರಿಸಿತು. ಬ್ಯಾಟರಿ ಮೇಲೆ 12.5ಕ್ಕೆ ಇಳಿಯಿತು. ಅದೇ ಹೊತ್ತಿಗೆ ಆಲ್ಟರ್ನೇಟರ್ ಟರ್ಮಿನಲ್ ಮತ್ತು ಅದರ ಬಾಡಿ ನಡುವೆ ಅಳೆದರೆ 14.3! ಆಲ್ಟರ್ನೇಟರ್ ತನ್ನ ಕೆಲಸ ನಿಯತ್ತಾಗಿ ಮಾಡುತ್ತಿತ್ತು. ತಯಾರಾದದ್ದು ಬ್ಯಾಟರಿಗೆ ತಲುಪುತ್ತಿರಲಿಲ್ಲ. ದಾರಿಯಲ್ಲಿ 1.8 ವೋಲ್ಟ್ ಸೋರಿಹೋಗುತ್ತಿತ್ತು.

ಆ 1.8 ಎಲ್ಲೆಲ್ಲಿ ಹಂಚಿಹೋಗಿದೆ ಅಂತ ನೋಡಲು ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರ್‌ನ ಪ್ಲಸ್ ಟರ್ಮಿನಲ್ಲಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್‌ಗೆ ಇಟ್ಟೆ. ಲೋಡ್ ಹಾಗೇ ಇರಬೇಕು, ಎಂಜಿನ್ ಓಡುತ್ತಿರಬೇಕು. 1.4 ವೋಲ್ಟ್. ಆಲ್ಟರ್ನೇಟರ್ ಬಾಡಿಗೂ ಬ್ಯಾಟರಿ ಮೈನಸ್‌ಗೂ ನಡುವೆ 0.4. ಕೂಡಿಸಿದರೆ ಸರಿಯಾಗಿ 1.8. ಹೀಗೆ ಲೆಕ್ಕ ಕೂಡಿಬಂದಾಗ ಸಿಗುವ ಧೈರ್ಯವೇ ಬೇರೆ. ಪ್ರತಿ ಕಡೆಯೂ 0.2 ಆಸುಪಾಸು ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಪ್ಲಸ್ ಕಡೆ ಒಂದು ಕಡ್ಡಿಯನ್ನು ಆಲ್ಟರ್ನೇಟರ್ ಮೇಲೇ ಬಿಟ್ಟು, ಇನ್ನೊಂದನ್ನು ವೈರಿನ ಉದ್ದಕ್ಕೂ ಸರಿಸುತ್ತಾ ಹೋದೆ. ಹಾರ್ನೆಸ್ (ವೈರ್‌ಗಳ ಕಟ್ಟು) ಕನೆಕ್ಟರ್ ಹತ್ತಿರ 0.1. ಫ್ಯೂಸಿಬಲ್ ಲಿಂಕ್ (ಫ್ಯೂಸ್‌ನಂತೆ ಕೆಲಸ ಮಾಡುವ ವೈರ್ ತುಂಡು) ಶುರುವಾಗುವಲ್ಲಿ ಹೆಚ್ಚುಕಡಿಮೆ ಅಷ್ಟೇ. ಲಿಂಕ್ ದಾಟಿದ ತಕ್ಷಣ 1.3. ಲಿಂಕ್‌ನ ಮೇಲುಹೊದಿಕೆ ಅದರ ತುದಿಯ ಲೋಹದ ಲಗ್ ಪಕ್ಕದಲ್ಲಿ ಕಂದು ಬಣ್ಣಕ್ಕೆ ತಿರುಗಿ ಗಡುಸಾಗಿತ್ತು. ಎಂಜಿನ್ ನಿಲ್ಲಿಸಿ ಮುಟ್ಟಿದರೆ ಬೆರಳು ಇಡಲಾಗದಷ್ಟು ಬಿಸಿ. 1.2 ವೋಲ್ಟ್‌ಗೆ 40 ಆಂಪಿಯರ್ ಅಂದರೆ 48 ವಾಟ್. ಒಂದು ಹೆಡ್‌ಲೈಟ್ ಬಲ್ಬಿನ ಹತ್ತಿರ ಹತ್ತಿರ ಶಾಖ ಬೆರಳುದ್ದದ ಜಾಗದಲ್ಲಿ ಕೂತಿತ್ತು.

ಆ ಲಿಂಕನ್ನು ಬಿಚ್ಚಿ ಮಲ್ಟಿಮೀಟರ್‌ನ ಓಮ್‌ನಲ್ಲಿ ಅಳೆದೆ. ಒಳ್ಳೆಯ ವೈರ್ ತೋರಿಸುವಷ್ಟೇ ತೋರಿಸಿತು. ಬೀಪ್ ಕೂಡ ಹೊಡೆಯಿತು. 1.2 ವೋಲ್ಟ್ ನುಂಗಲು 0.03 ಓಮ್ ಸಾಕು, ಸಾಮಾನ್ಯ ಮೀಟರ್‌ಗೆ ಅದು ಕಾಣುವುದೇ ಇಲ್ಲ. ಚಾರ್ಜಿಂಗ್ ವೈರನ್ನು ಬರೀ ಬೀಪ್ ನೋಡಿ ಪಾಸ್ ಮಾಡಿದರೆ ತಪ್ಪು ಕೈಗೆ ಸಿಗುವುದಿಲ್ಲ. ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು. ಲಗ್ ಕತ್ತರಿಸಿ ನೋಡಿದಾಗ ಒತ್ತಿ ಕೂರಿಸಿದ ಜಾಗದಲ್ಲಿ ತಾಮ್ರ ಹಸಿರು ಪುಡಿಯಾಗಿತ್ತು. ಅರ್ಧಕ್ಕಿಂತ ಹೆಚ್ಚು ಎಳೆಗಳು ತುಂಡಾಗಿದ್ದವು.

ಬ್ಯಾಟರಿಯ ಮೈನಸ್ ಕಳಚಿಟ್ಟು, ಅದೇ ರೇಟಿಂಗ್‌ನ ಹೊಸ ಫ್ಯೂಸಿಬಲ್ ಲಿಂಕ್ ಹಾಕಿದೆ. ಇಲ್ಲಿ ಮಾಮೂಲಿ ವೈರ್ ಹಾಕಿ ಜೋಡಿಸುವವರಿದ್ದಾರೆ. ದಯವಿಟ್ಟು ಬೇಡ. ಎಲ್ಲಾದರೂ ಶಾರ್ಟ್ ಆದರೆ ಮೊದಲು ಕರಗಿ ಗಾಡಿ ಉಳಿಸಬೇಕಾದದ್ದು ಆ ಲಿಂಕ್. ಮಾಮೂಲಿ ವೈರ್ ಇದ್ದರೆ ಹಾರ್ನೆಸ್ ಪೂರ್ತಿ ಸುಡುತ್ತದೆ.

ಮೈನಸ್ ಕಡೆಯ 0.4 ಇದ್ದದ್ದು ಆಲ್ಟರ್ನೇಟರ್ ಬಾಡಿಗೂ ಎಂಜಿನ್ ಬ್ಲಾಕ್‌ಗೂ ನಡುವೆ. ಬ್ರ್ಯಾಕೆಟ್ ಬೋಲ್ಟ್ ಸುತ್ತ ತುಕ್ಕು, ಅದರ ಮೇಲೆ ಆಯಿಲ್ ಕೆಸರು. ಬಿಚ್ಚಿ, ಎಮರಿ ಪೇಪರ್‌ನಲ್ಲಿ ಲೋಹ ಹೊಳೆಯುವವರೆಗೂ ಉಜ್ಜಿದೆ. ಬಾಡಿಯಿಂದ ಬ್ಲಾಕ್‌ಗೆ ಒಂದು ದಪ್ಪ ಅರ್ಥ್ ಪಟ್ಟಿಯನ್ನೂ ಕೊಟ್ಟೆ. ಎಲ್ಲಾ ಜೋಡಿಸಿ ಅದೇ ಲೋಡ್ ಹಾಕಿ ಅಳೆದರೆ ಪ್ಲಸ್ ಕಡೆ 0.15, ಮೈನಸ್ ಕಡೆ 0.05. ಬ್ಯಾಟರಿ ಮೇಲೆ 14.1. ಚಾರ್ಜ್ ಲ್ಯಾಂಪ್ ಕತ್ತಲಲ್ಲೂ ಪೂರ್ತಿ ಕಪ್ಪು.

ಇನ್ನೊಂದು ಮಾತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಳಚಿ ಗಾಡಿ ನಿಲ್ಲುತ್ತಾ ನೋಡೋದು ಅಂತ ಒಂದು ಹಳೆ ಪದ್ಧತಿ ಇದೆ. ಡೀಸೆಲ್‌ನಲ್ಲಿ ಅದರಿಂದ ಏನೂ ಗೊತ್ತಾಗುವುದಿಲ್ಲ. ಕೆಲವು ಪಂಪ್‌ಗಳಿಗೆ ಓಡುವಾಗ ಕರೆಂಟೇ ಬೇಡ, ಹಾಗಾಗಿ ಆಲ್ಟರ್ನೇಟರ್ ಸತ್ತಿದ್ದರೂ ಎಂಜಿನ್ ಓಡುತ್ತದೆ. ಬ್ಯಾಟರಿ ಇಲ್ಲದ ಕ್ಷಣದಲ್ಲಿ ವೋಲ್ಟೇಜ್ ಏಕಾಏಕಿ ಏರಿ ಒಳ್ಳೆ ಡಯೋಡ್, ರೆಗ್ಯುಲೇಟರ್ ಸುಡುವುದು ಮಾತ್ರ ಸಾಧ್ಯ.

ಬ್ರ್ಯಾಕೆಟ್ ಮೇಲಿನ ಆಯಿಲ್ ಎಲ್ಲಿಂದ ಬಂತು ಅಂತ ಒರೆಸಿ ನೋಡಿದಾಗ ವ್ಯಾಕ್ಯೂಮ್ ಪಂಪಿನ ಸೀಲ್ ಒಸರುತ್ತಿರುವುದು ಕಂಡಿತು. ಆ ಆಯಿಲ್ ಆಲ್ಟರ್ನೇಟರ್ ಒಳಗೆ ಹೋದರೆ ಕಾರ್ಬನ್ ಅಂಟಿಕೊಂಡು ನಿಲ್ಲುತ್ತದೆ. ಆಗ ಆಲ್ಟರ್ನೇಟರೇ ನಿಜವಾಗಿ ಕೈಕೊಡುತ್ತದೆ. ಸೀಲ್ ತರಿಸಿದ್ದೇನೆ. ಅದನ್ನು ಹಾಕಲು ಬಿಚ್ಚುವಾಗ ಕಾರ್ಬನ್ ಎಷ್ಟು ಉದ್ದ ಉಳಿದಿದೆ ಅಂತಲೂ ಅಳೆಯುತ್ತೇನೆ.